ಸಾದಾ ಎಕ್ಸ್-ರೇಯಲ್ಲೇ ಮಂಡಿ ಮೂಳೆಯ ಜಾಲರಿ ಅಳೆದ ನನ್ನ ಅನುಭವ

ಮಂಡಿ ಸವೆತದಲ್ಲಿ ಕಾರ್ಟಿಲೇಜ್ (ಕೀಲಿನ ಮೃದ್ವಸ್ಥಿ) ಕೆಳಗಿನ ಮೂಳೆ ಹೇಗೆ ಬದಲಾಗುತ್ತದೆ ಅಂತ ನೋಡಲು ಎಂಆರ್‌ಐ ಬೇಕೇ ಬೇಕು ಎಂದು ಸುಮಾರು ಜನ ಹೇಳಿದರು. ನಮ್ಮೂರಲ್ಲಿ ಒಂದು ಮಂಡಿ ಎಂಆರ್‌ಐಗೆ ಐದಾರು ಸಾವಿರ. ಆ ಖರ್ಚನ್ನು ರೋಗಿಗಳ ಮೇಲೆ ಹಾಕಲು ನನಗೆ ಮನಸ್ಸಿರಲಿಲ್ಲ. ಸಾದಾ ಎಕ್ಸ್-ರೇಯಲ್ಲೇ ಫ್ರ್ಯಾಕ್ಟಲ್ ಲೆಕ್ಕ ಹಾಕಲು ಹೊರಟೆ, ಅಂದರೆ ಮೂಳೆಯೊಳಗಿನ ಎಳೆಗಳ ಜಾಲರಿ ಹೇಗಿದೆ ಎಂದು ಅಂಕಿಯಲ್ಲಿ ಹೇಳುವ ಲೆಕ್ಕ. ಲಂಡನ್ನಿನ ಬಕ್‌ಲೆಂಡ್-ರೈಟ್ ತಂಡ 1990ರ ದಶಕದಲ್ಲೇ ಇದನ್ನು ಮಾಡಿತ್ತು. "ಅದು ಫಿಲಂ ಕಾಲದ್ದು, ಡಿಜಿಟಲ್‌ನಲ್ಲಿ ನಡೆಯಲ್ಲ" ಎಂದರು ಹಿರಿಯರೊಬ್ಬರು. ನಡೆಯುತ್ತದೆ. ನನ್ನ ಹತ್ತಿರ ಈಗ ಅಂಕಿಗಳಿವೆ.

ಮೊದಲು ಕಾಡಿದ್ದು ನಿಲ್ಲಿಸುವ ಭಂಗಿ. ಒಪ್ಪಿಗೆ ಕೊಟ್ಟವರ ಅದೇ ಮಂಡಿಯನ್ನು ವಾರದೊಳಗೆ ಮತ್ತೆ ತೆಗೆದರೆ ಅಂಕಿ ಶೇ. 15ರಷ್ಟು ಆಚೀಚೆ. ಕಾಲು ಸ್ವಲ್ಪ ತಿರುಗಿದರೂ ಎಳೆಗಳು ಒಂದರ ಮೇಲೊಂದು ಬೀಳುತ್ತವಲ್ಲ. ಕಾಲನ್ನು ಒಂದೇ ಭಂಗಿಯಲ್ಲಿ ನಿಲ್ಲಿಸುವ ಹೊರದೇಶದ ಫ್ರೇಮ್ ಕೈಗೆಟುಕಲಿಲ್ಲ. ಬೋರ್ಡ್ ಬರೆಯುವ ಅಂಗಡಿಯಲ್ಲಿ ಅಕ್ರಿಲಿಕ್ ಕತ್ತರಿಸಿ ಮಾಡಿಸಿದೆ, ಮೂರೂವರೆ ಸಾವಿರ ಆಯಿತು. ಪಾದ 10 ಡಿಗ್ರಿ ಹೊರಕ್ಕೆ. ಹೆಬ್ಬೆರಳು, ಮಂಡಿ, ತೊಡೆ ಮೂರೂ ಹಲಗೆಗೆ ತಾಗಬೇಕು. ಎಕ್ಸ್-ರೇ ಟ್ಯೂಬ್ 10 ಡಿಗ್ರಿ ಕೆಳಕ್ಕೆ. ಹೊಟ್ಟೆ ದಪ್ಪ ಇರುವವರ ತೊಡೆ ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಭಂಗಿ ಸರಿಯಾದ ಮೇಲೂ ಸವೆತವಿಲ್ಲದ ಗ್ರೇಡ್ 0 ಮಂಡಿಗೂ ಸವೆತ ಹೆಚ್ಚಿರುವ ಗ್ರೇಡ್ 3 ಮಂಡಿಗೂ ವ್ಯತ್ಯಾಸವೇ ಕಾಣಲಿಲ್ಲ. ತಿಂಗಳುಗಟ್ಟಲೆ ತಲೆ ಕೆಡಿಸಿದ್ದು ಇದು. ಕೊನೆಗೆ ಸಿಕ್ಕಿದ್ದು: ಡಿಆರ್ (ಡಿಜಿಟಲ್ ಎಕ್ಸ್-ರೇ) ಮಷೀನ್ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಅಂಚುಗಳನ್ನು ತಾನೇ ಚೂಪು ಮಾಡುತ್ತದೆ, ನಾಯ್ಸ್ ಒರೆಸುತ್ತದೆ. ಎಲ್ಲ ಮೂಳೆಯೂ ಒಂದೇ ಥರ ಆಗಿಬಿಡುತ್ತದೆ. ಕಚ್ಚಾ ಚಿತ್ರ ಬೇಕು ಎಂದರೆ ಸರ್ವಿಸ್‌ನವರು ಒಂದೂವರೆ ಲಕ್ಷದ ಲೈಸೆನ್ಸ್ ಹೇಳಿದರು. ನಾನು ಕೊಡಲಿಲ್ಲ. ಮಷೀನ್‌ನಲ್ಲಿ ಮಂಡಿಗೇ ಬೇರೆ ಪ್ರೀಸೆಟ್ (ಮೊದಲೇ ಉಳಿಸಿಡುವ ಸೆಟ್ಟಿಂಗ್) ಮಾಡಿ ಆ ಪ್ರೊಸೆಸಿಂಗ್ ಎಲ್ಲವನ್ನೂ ಸೊನ್ನೆಗೆ ಇಳಿಸಿದೆ. ರೂಪಾಯಿ ಖರ್ಚಿಲ್ಲ! ಡೈಕಾಮ್ (ಆಸ್ಪತ್ರೆ ಮಷೀನ್‌ಗಳ ಮೂಲ ಚಿತ್ರದ ಫೈಲ್) ಮಾತ್ರ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜೆಪೆಗ್ ಇದಕ್ಕೆ ಪ್ರಯೋಜನವಿಲ್ಲ.

ಈ ನಡುವೆ ಮಟನ್ ಅಂಗಡಿಯಿಂದ ಆಡಿನ ಕಾಲು ತಂದು ಒಂದು ಪ್ರಯೋಗ ಮಾಡಿದೆ. ಸುತ್ತ ನೀರಿನ ಪ್ಯಾಕೆಟ್ ಇಟ್ಟು 55ರಿಂದ 75 ಕೆವಿವರೆಗೆ (ಎಕ್ಸ್-ರೇ ಟ್ಯೂಬ್‌ನ ಕಿಲೋವೋಲ್ಟ್) ತೆಗೆದೆ. ಮೂಳೆ ಅದೇ ಆದರೂ ಕೆವಿ ಬದಲಾದರೆ ಅಂಕಿ ಜಾರುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಕೆವಿ. ಅದೇ ಮೂಳೆಯನ್ನು ವಿನೆಗರ್‌ನಲ್ಲಿ ನೆನೆಹಾಕಿ ಕ್ಯಾಲ್ಸಿಯಂ ಕರಗುತ್ತಾ ಹೋದ ಹಾಗೆ ಮತ್ತೆ ಮತ್ತೆ ತೆಗೆದೆ. ಅಂಕಿ ಕ್ರಮವಾಗಿ ಬದಲಾಯಿತು. ಅಂದು ನನಗೆ ಈ ವಿಧಾನದ ಮೇಲೆ ನಂಬಿಕೆ ಬಂತು.

ಚಿತ್ರದ ಮೇಲೆ ಅಳೆಯುವ ಪೆಟ್ಟಿಗೆ ಎಳೆಯುವುದು ಟಿಬಿಯಾದ (ಮಂಡಿ ಕೆಳಗಿನ ದೊಡ್ಡ ಮೂಳೆ) ಒಳಬದಿಯಲ್ಲಿ, ಗಟ್ಟಿ ಪ್ಲೇಟ್‌ನ ಕೆಳಗೆ, ಎತ್ತರ ಸುಮಾರು 6 ಮಿ.ಮೀ. ಆಸ್ಟಿಯೋಫೈಟ್ (ಅಂಚಿನಲ್ಲಿ ಬೆಳೆದ ಮೂಳೆಯ ಮುಳ್ಳು) ಒಳಗೆ ಬರಬಾರದು. ಅಡ್ಡ ಎಳೆ, ಉದ್ದ ಎಳೆ ಬೇರೆ ಬೇರೆ ಲೆಕ್ಕ ಹಾಕಿ, ಸೇರಿಸಬೇಡಿ. ಲೆಕ್ಕಕ್ಕೆ ಫಿಜಿ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರ್ ಸಾಕು, ಅದು ಉಚಿತ. ನನ್ನ ಮ್ಯಾಕ್ರೋ (ಫಿಜಿಯಲ್ಲಿ ಲೆಕ್ಕ ಓಡಿಸುವ ಸಣ್ಣ ಪ್ರೋಗ್ರಾಂ) ಸರಿಯಿದೆಯೇ ಎಂದು ಅಮೆರಿಕದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಚಿತ್ರಗಳ ಮೇಲೆ ಓಡಿಸಿ ನೋಡಿದೆ. 2004ರಲ್ಲಿ ಶುರುವಾದ ಮಂಡಿ ಸವೆತದ ಅಧ್ಯಯನ, 4,796 ಜನ. ನೋಂದಣಿ ಮಾಡಿಕೊಂಡರೆ ಚಿತ್ರಗಳು ಸಿಗುತ್ತವೆ, ಹಣ ಬೇಡ.

ಈಗ ಅದೇ ಮಂಡಿ ಮತ್ತೆ ತೆಗೆದರೆ ವ್ಯತ್ಯಾಸ ಶೇ. 3-4. ಬೇರೆ ಕಾರಣಕ್ಕೆ ಎಂಆರ್‌ಐ ಆಗಿದ್ದ ಇಪ್ಪತ್ತು ಚಿಲ್ಲರೆ ಜನರಲ್ಲಿ, ಸ್ಟಿರ್ ಚಿತ್ರದಲ್ಲಿ (ನೀರಿನಂಶ ಬೆಳ್ಳಗೆ ಕಾಣುವ ಎಂಆರ್‌ಐ ಬಗೆ) ಮಜ್ಜೆ ಬೆಳ್ಳಗೆ ಕಂಡ ಜಾಗದಲ್ಲೇ ಎಕ್ಸ್-ರೇ ಅಂಕಿಯೂ ಇನ್ನೊಂದು ಮಂಡಿಗಿಂತ ಬೇರೆ ಬಂತು, ಒಂದಿಬ್ಬರನ್ನು ಬಿಟ್ಟು. ಮೊದಲು ಆಗದು ಎಂದು ತಲೆ ಅಲ್ಲಾಡಿಸಿದ್ದ ಆರ್ಥೋ ಡಾಕ್ಟರೇ ಈಗ ರೋಗಿಗಳನ್ನು ಕಳಿಸುತ್ತಿದ್ದಾರೆ.

ಅರವತ್ತು ದಾಟಿದ ಹೆಂಗಸರಲ್ಲಿ ಮಾತ್ರ ಹುಷಾರು. ಮೂಳೆ ಟೊಳ್ಳಾಗಿದ್ದರೆ ಸವೆತದ ಅಂಕಿಯೂ ಅದರಲ್ಲಿ ಬೆರೆತುಹೋಗುತ್ತದೆ. ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವ ಪರೀಕ್ಷೆ) ರಿಪೋರ್ಟ್ ಇಲ್ಲದವರನ್ನು ನಾನು ಬೇರೆ ಪಟ್ಟಿಯಲ್ಲಿ ಇಟ್ಟಿದ್ದೇನೆ.