ಬೆಳಗಾವಿಯಿಂದ ಪರರಾಜ್ಯಕ್ಕೆ ಮನೆ ಸಾಮಾನು: ಯಾವುದನ್ನು ಯಾವ ದಾರಿಯಲ್ಲಿ ಕಳಿಸಬೇಕು

ಟಿಳಕವಾಡಿಯ ಬಾಡಿಗೆ ಮನೆಯಿಂದ ನಾವು ಮೊದಲ ಸಲ ಪುಣೆಗೆ ಹೊರಟಾಗ ಮನೆಯಲ್ಲಿದ್ದ ಎಲ್ಲವನ್ನೂ ಒಂದೇ ಲಾರಿಗೆ ಏರಿಸಿದ್ದೆವು: ಫ್ರಿಜ್, ಟ್ರೆಜರಿ ಎನ್ನುವ ಉಕ್ಕಿನ ಕಪಾಟು, ಮಕ್ಕಳ ಪುಸ್ತಕ, ಸ್ಕೂಟರ್, ಒಂದು ಕ್ವಿಂಟಲ್ ಬಿಳಿಜೋಳ, ಅಜ್ಜಿಯ ಕಾಲದ ತಾಮ್ರದ ಹಂಡೆ. ಲಾರಿ ಎರಡು ದಿನ ತಡವಾಗಿ ಬಂತು. ಸ್ಕೂಟರಿನ ಹ್ಯಾಂಡಲ್ ಒತ್ತಿ ಫ್ರಿಜ್ಜಿನ ಬಾಗಿಲು ತಗ್ಗಿತ್ತು. ಹಾಸಿಗೆಗಳೂ ಅದೇ ಲಾರಿಯಲ್ಲಿದ್ದುದರಿಂದ ನಾವು ಎರಡು ರಾತ್ರಿ ಬರಿ ನೆಲದ ಮೇಲೆ ಮಲಗಿದೆವು. ಮುಂದೆ ಹೈದರಾಬಾದಿಗೆ ಹೋಗುವಾಗಲೂ ಮರಳಿ ಬೆಳಗಾವಿಗೆ ಬರುವಾಗಲೂ ಸಾಮಾನನ್ನು ಬೇರೆಬೇರೆ ದಾರಿಗಳಲ್ಲಿ ಕಳಿಸಿದೆವು, ಖರ್ಚೂ ಕಡಿಮೆಯಾಯಿತು, ನಷ್ಟವೂ ತಪ್ಪಿತು. ಆದ್ದರಿಂದ ಯಾವ ಕಂಪನಿ ಒಳ್ಳೆಯದು ಎಂದು ವಿಚಾರಿಸುವ ಮುನ್ನ ಯಾವ ವಸ್ತು ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅದಕ್ಕೆ ಪಟ್ಟಿ ಬೇಕು. ನೋಟ್‌ಬುಕ್ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ, ಪ್ರತಿ ದೊಡ್ಡ ವಸ್ತುವಿನ ಎದುರಿಗೆ ಎರಡು ಮೊತ್ತಗಳನ್ನು ಬರೆಯಿರಿ: ಇಂದು ಮಾರಿದರೆ ಎಷ್ಟು ಬಂದೀತು, ಹೋಗುವ ಊರಿನಲ್ಲಿ ಅಂಥದ್ದನ್ನೇ ಕೊಳ್ಳಲು ಎಷ್ಟು ಬೇಕಾದೀತು. ಇವೆರಡರ ನಡುವಿನ ಅಂತರ ಸಾಗಣೆಯ ಖರ್ಚಿಗಿಂತ ಕಡಿಮೆಯಿದ್ದರೆ ಆ ವಸ್ತುವನ್ನು ಇಲ್ಲಿಯೇ ಮಾರಿ ಹೋಗುವುದು ಲೇಸು. ಪಾರ್ಟಿಕಲ್ ಬೋರ್ಡಿನ ಕಪಾಟು, ಮಂಚಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಜೋಡಿಸುವಾಗ ಸ್ಕ್ರೂಗಳು ಗಟ್ಟಿಯಾಗಿ ಹಿಡಿಯುವುದಿಲ್ಲ. ಸಾಗವಾನಿಯ ಮಂಚವಾದರೆ ಎಷ್ಟು ದೂರವಾದರೂ ಒಯ್ಯಬಹುದು. ನಮ್ಮ ಭಾಗದವರು ವರ್ಷದ ಜೋಳವನ್ನೂ ಕಟ್ಟಿಕೊಂಡು ಹೊರಡುವುದುಂಟು. ಮಾಲದಂಡಿ ಜೋಳ ಬೆಳೆಯುವ ಸೊಲ್ಲಾಪುರಕ್ಕಾಗಲಿ, ಆ ಜೋಳ ಸಲೀಸಾಗಿ ಸಿಗುವ ಪುಣೆಗಾಗಲಿ ಹೋಗುವವರು ಅದನ್ನು ಹೊರುವ ಅಗತ್ಯವಿಲ್ಲ, ಆದರೆ ಕೊಚ್ಚಿಗೋ ಚೆನ್ನೈಗೋ ಹೋಗುವವರಿಗೆ ಒಂದು ಚೀಲ ಜೋಳ ಮತ್ತು ರೊಟ್ಟಿಯ ಹಂಚು ನಿಜವಾಗಿಯೂ ಬೇಕಾಗುತ್ತವೆ. ಹಿರಿಯರ ಹಂಡೆ, ಬೀಸುಕಲ್ಲುಗಳಿಗೆ ಈ ಲೆಕ್ಕ ಹಚ್ಚಬೇಡಿ. ಒಯ್ಯಿರಿ, ಕಲ್ಲಿನ ಸಾಮಾನನ್ನು ಮಾತ್ರ ಲಾರಿಯ ತಳದಲ್ಲಿ, ಕ್ಯಾಬಿನ್ನಿನ ಬದಿಗೆ ಇಡಿಸಿ.

ಗ್ಯಾಸ್ ಸಿಲಿಂಡರನ್ನು ಯಾವ ವಾಹನದಲ್ಲಿಯೂ ಸಾಗಿಸಬೇಡಿ. 14.2 ಕಿಲೋದ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ನಿಮ್ಮ ಏಜೆನ್ಸಿಗೆ ಮರಳಿಸಿದರೆ ಠೇವಣಿ ಹಣವನ್ನು ಹಿಂದಿರುಗಿಸಿ ವರ್ಗಾವಣೆ ವೋಚರ್ ಕೊಡುತ್ತಾರೆ. ಹೊಸ ಊರಿನ ಏಜೆನ್ಸಿಯಲ್ಲಿ ಅದನ್ನು ತೋರಿಸಿ, ಅಲ್ಲಿನ ಈಗಿನ ಠೇವಣಿ ಕಟ್ಟಿ ಸಂಪರ್ಕ ಪಡೆಯಬಹುದು.

ಉಳಿದ ಸಾಮಾನು ಕಡಿಮೆಯಿದ್ದು, ಲೋಡ್ ಮಾಡಲು ಇಲ್ಲಿಯೂ ಇಳಿಸಿಕೊಳ್ಳಲು ಅಲ್ಲಿಯೂ ನಿಮ್ಮವರಿದ್ದರೆ ಸ್ವತಃ ವಾಹನ ಗೊತ್ತುಮಾಡುವುದೇ ಅಗ್ಗದ ದಾರಿ. ಒಂದು ಕೋಣೆಯ ಮನೆಗೆ ಟಾಟಾ ಏಸ್ ಅಥವಾ ಬೊಲೆರೊ ಪಿಕಪ್ ಸಾಕಾಗುತ್ತದೆ, ಎರಡು ಕೋಣೆಯ ತುಂಬಿದ ಮನೆಗೆ 14 ಅಡಿಯ ಐಷರ್ ಬೇಕಾಗುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ: ಬಾಡಿಗೆಯನ್ನು ನಿರ್ಧರಿಸುವುದು ಬರಿ ಕಿಲೋಮೀಟರ್ ಅಲ್ಲ, ವಾಹನ ಮರಳುವಾಗ ಖಾಲಿ ಬರಬೇಕೇ ಎಂಬುದೂ ಹೌದು. ಬೆಳಗಾವಿಯಿಂದ ಗೋವಾಕ್ಕೆ ದಿನವೂ ತರಕಾರಿಯ ವಾಹನಗಳು ತುಂಬಿಕೊಂಡು ಹೋಗಿ ಬಹುಪಾಲು ಖಾಲಿ ಬರುತ್ತವೆ. ಆದ್ದರಿಂದ ಗೋವಾದಿಂದ ಬೆಳಗಾವಿಗೆ ಬರುವವರಿಗೆ ಅಗ್ಗದ ವಾಹನ ಸಿಕ್ಕೀತು, ಇಲ್ಲಿಂದ ಅಲ್ಲಿಗೆ ಹೋಗುವವರು ಎರಡೂ ಕಡೆಯ ಡೀಸೆಲ್ ಖರ್ಚನ್ನು ಹೊರಬೇಕಾದೀತು. ಪುಣೆಗೆ ಹೋಗುವವರು ಇಲ್ಲಿ ಸರಕು ಇಳಿಸಿ ಮರಳಿ ಹೊರಡಲಿರುವ, ಪುಣೆ ಕಡೆಯ ಎಂಎಚ್ 12 ಅಥವಾ ಎಂಎಚ್ 14 ನಂಬರಿನ ಲಾರಿಯನ್ನು ಹುಡುಕಬೇಕು. ಬೆಳಗಾವಿಯದೇ ಆದ ಕೆಎ 22 ನಂಬರಿನ ಲಾರಿಯವನು ಕೇಳುವ ಬಾಡಿಗೆಗೂ ರಿಟರ್ನ್ ಲೋಡ್ ಬೇಕಾದವನು ಒಪ್ಪುವ ಬಾಡಿಗೆಗೂ ದೊಡ್ಡ ಅಂತರವಿರುತ್ತದೆ. ಇದಕ್ಕಾಗಿ ನಿಮ್ಮ ದಿನವನ್ನು ಒಂದೆರಡು ದಿನ ಹಿಂದೆಮುಂದೆ ಮಾಡಿಕೊಳ್ಳಲು ತಯಾರಿರಬೇಕು.

ವಾಹನ ಗೊತ್ತುಮಾಡುವಾಗ ಪರ್ಮಿಟ್ ಕೇಳಿ. ಸರಕು ಸಹಿತ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯು ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ, ಅದಕ್ಕಿಂತ ದೊಡ್ಡದು ಗಡಿ ದಾಟಬೇಕಾದರೆ ನ್ಯಾಷನಲ್ ಪರ್ಮಿಟ್ ಅಥವಾ ತಾತ್ಕಾಲಿಕ ಪರ್ಮಿಟ್ ಇರಬೇಕು. ಬಿಳಿ ನಂಬರ್ ಪ್ಲೇಟಿನ ವಾಹನದಲ್ಲಿ ಬಾಡಿಗೆಗೆ ಸಾಮಾನು ಕಳಿಸಬೇಡಿ. ಟೋಲ್, ಹಮಾಲಿ, ಚಾಲಕನ ಊಟದ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ. ಪುಣೆಯವರೆಗಿನ ಸುಮಾರು 340 ಕಿಲೋಮೀಟರಿನಲ್ಲಿ ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ ಎಂದು ಆರು ಟೋಲ್ ನಾಕಾಗಳಿವೆ, ಇವುಗಳ ಮೊತ್ತ ಚಿಕ್ಕದಲ್ಲ. ಮನೆಯವರು ಯಾರೂ ಸಾಮಾನಿನ ಜೊತೆ ಹಿಂಬದಿಯಲ್ಲಿ ಕುಳಿತು ಪ್ರಯಾಣಿಸಬಾರದು. ಹಣ ಉಳಿಸಲು ಹಾಗೆ ಮಾಡುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಳಸಿದ ಗೃಹೋಪಯೋಗಿ ಸಾಮಾನಿಗೆ ಜಿಎಸ್‌ಟಿ ನಿಯಮಗಳಡಿ ಇ-ವೇ ಬಿಲ್ ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿ, "ಇವು ನಮ್ಮ ಸ್ವಂತ ಬಳಕೆಯ ಹಳೆಯ ವಸ್ತುಗಳು" ಎಂದು ಸಹಿ ಮಾಡಿದ ಪತ್ರ, ಗುರುತಿನ ಚೀಟಿಯ ಪ್ರತಿ ಮತ್ತು ವರ್ಗಾವಣೆಯ ಆದೇಶವಿದ್ದರೆ ಅದರ ಪ್ರತಿಯನ್ನು ಚಾಲಕನ ಕೈಗೆ ಕೊಡಿ. ಪೆಟ್ಟಿಗೆ ಒಡೆಯದ ಹೊಸ ಟಿವಿ, ಎಸಿಗಳು ಈ ವಿನಾಯಿತಿಗೆ ಸೇರುವುದಿಲ್ಲ, ಅವುಗಳ ಖರೀದಿ ಬಿಲ್ ಜೊತೆಗಿರಲಿ.

ಹೈದರಾಬಾದು, ಮುಂಬಯಿ, ದೆಹಲಿಯಂಥ ದೂರದ ಊರಿಗೆ ತುಂಬಿದ ಮನೆಯನ್ನು ಸಾಗಿಸುವವರು, ಮನೆಯಲ್ಲಿ ವಯಸ್ಸಾದವರಿದ್ದು ಕೈಗೆ ಜನ ಸಿಗದವರು ಪ್ಯಾಕರ್ಸ್ ಆ್ಯಂಡ್ ಮೂವರ್ಸ್‌ನವರನ್ನು ಆರಿಸುವುದು ಸರಿ. ಕನಿಷ್ಠ ಮೂರು ಕಂಪನಿಗಳವರು ಮನೆಗೆ ಬಂದು ಸಾಮಾನು ನೋಡಿ ದರ ಬರೆದುಕೊಡಲಿ. ಫೋನಿನಲ್ಲಿಯೇ ದರ ಹೇಳಿದವರು ಲೋಡ್ ಆದ ಮೇಲೆ "ಸಾಮಾನು ಹೆಚ್ಚಾಯಿತು" ಎನ್ನುತ್ತಾರೆ, ಆಗ ನಿಮ್ಮ ಮನೆಯೆಲ್ಲ ಅವರ ವಶದಲ್ಲಿರುತ್ತದೆ. ನಮ್ಮ ಸಂಬಂಧಿಕರೊಬ್ಬರ ಲಾರಿಯನ್ನು ದಾರಿಯಲ್ಲಿ ನಿಲ್ಲಿಸಿ, ಮಾತಾಡಿದ್ದಕ್ಕಿಂತ ಹೆಚ್ಚು ಹಣ ಕೊಟ್ಟ ಮೇಲಷ್ಟೇ ಬಿಟ್ಟಿದ್ದರು; ಅವರ ಬಳಿ ಇದ್ದದ್ದು ಒಂದು ವಾಟ್ಸ್ಆ್ಯಪ್ ಸಂದೇಶ ಮಾತ್ರ. ದೊಡ್ಡ ಕಂಪನಿಯನ್ನು ಹೋಲುವ ಹೆಸರಿಟ್ಟುಕೊಂಡವರೂ ಇರುವುದರಿಂದ ಜಿಎಸ್‌ಟಿ ಸಂಖ್ಯೆ ಕೇಳಿ, ಸರಕಾರಿ ಜಿಎಸ್‌ಟಿ ಜಾಲತಾಣದಲ್ಲಿ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ನೋಡಿ. 15 ಅಂಕೆ-ಅಕ್ಷರಗಳ ಆ ಸಂಖ್ಯೆ ಕರ್ನಾಟಕದ ನೋಂದಣಿಯಾದರೆ 29ರಿಂದ, ಮಹಾರಾಷ್ಟ್ರದ್ದಾದರೆ 27ರಿಂದ ಆರಂಭವಾಗುತ್ತದೆ. ಹಣವನ್ನು ಕಂಪನಿಯ ಹೆಸರಿನ ಖಾತೆಗೇ ಹಾಕಿ, ಮುಂಗಡವಾಗಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಡಬೇಡಿ, ದೊಡ್ಡ ಪಾಲು ಸಾಮಾನು ಇಳಿಯುವವರೆಗೆ ನಿಮ್ಮ ಕೈಯಲ್ಲಿರಲಿ. ನಿಮ್ಮ ಸಾಮಾನು ಪ್ರತ್ಯೇಕ ವಾಹನದಲ್ಲಿ ನೇರ ಹೋಗುತ್ತದೆಯೋ, ಇತರರ ಸಾಮಾನಿನ ಜೊತೆ ಸೇರಿ ಗೋದಾಮಿನಲ್ಲಿ ಇಳಿದು ಏರುತ್ತದೆಯೋ ಎಂಬುದನ್ನು ಬರೆಸಿಕೊಳ್ಳಿ. ಎರಡನೆಯದು ಅಗ್ಗ, ಆದರೆ ಒಡೆಯುವ ವಸ್ತುಗಳು ಒಡೆಯುವುದು ಹೆಚ್ಚಾಗಿ ಈ ಇಳಿಸಿ ಏರಿಸುವಲ್ಲಿಯೇ.

ಇನ್ನು ಹೊಣೆಯ ಪ್ರಶ್ನೆ. ಕಾಗದದ ಮೇಲೆ "ಓನರ್ಸ್ ರಿಸ್ಕ್" ಎಂದಿದ್ದರೆ ನಷ್ಟ ನಿಮ್ಮದೆಂದು ಅವರು ವಾದಿಸುತ್ತಾರೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಗಣೆದಾರನು ನಿಮ್ಮ ಸರಕಿಗೆ ರಸೀದಿ ಕೊಡಲೇಬೇಕು, ಬಳಕೆಯಲ್ಲಿ ಇದನ್ನು ಬಿಲ್ಟಿ ಅಥವಾ ಎಲ್‌ಆರ್ ಎನ್ನುತ್ತಾರೆ. ಸರಕಿನ ಬೆಲೆಯನ್ನು ನೀವು ಮೊದಲೇ ಲಿಖಿತವಾಗಿ ಘೋಷಿಸಿ, ಹೆಚ್ಚಿನ ಹೊಣೆಯ ದರ ಕೊಡಲು ಒಪ್ಪದಿದ್ದರೆ ನಷ್ಟವಾದಾಗ ಆತನ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ನೀವು ಒಟ್ಟು 30,000 ರೂಪಾಯಿ ಕೊಟ್ಟಿದ್ದೀರಿ, ಆದರೆ ಬಿಲ್ಲಿನಲ್ಲಿ ಪ್ಯಾಕಿಂಗ್, ಹಮಾಲಿ, ಜೋಡಣೆ ಎಂದೆಲ್ಲ ಹಂಚಿ ಬಾಡಿಗೆಯನ್ನು 6,000 ಎಂದಷ್ಟೇ ತೋರಿಸಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ಲಕ್ಷದ ಸಾಮಾನು ಸುಟ್ಟುಹೋದರೂ ನಿಮ್ಮ ಹಕ್ಕು 60,000ಕ್ಕೆ ನಿಂತೀತು. ಆದ್ದರಿಂದ ಪಟ್ಟಿಯ ಪ್ರತಿ ವಸ್ತುವಿನ ಬೆಲೆ ಬರೆದು, ಬಿಲ್ಟಿ ಮಾಡುವ ಮುನ್ನವೇ ಅದನ್ನು ಸಾಗಣೆಯ ಅರ್ಜಿಯಲ್ಲಿ ಸೇರಿಸಿ, ಅವರ ಸಹಿ ಪಡೆಯಿರಿ. ಇದಕ್ಕೆ ಅವರು ಹೆಚ್ಚಿನ ಶುಲ್ಕ ಕೇಳಬಹುದು, ಅದು ಕೊಡತಕ್ಕ ಹಣ.

ವಿಮೆಯ ಹೆಸರಿನಲ್ಲಿ ಪಡೆಯುವ ಹಣವೆಲ್ಲ ವಿಮೆಯಲ್ಲ. ಹೈದರಾಬಾದಿಗೆ ಹೋಗುವಾಗ ಕಂಪನಿಯೊಂದರ ದರಪತ್ರದಲ್ಲಿ "ಇನ್ಶೂರೆನ್ಸ್ 3%" ಎಂದಿತ್ತು. ಪಾಲಿಸಿಯ ಪ್ರತಿ ಕೊಡಿ ಎಂದು ಕೇಳಿದಾಗ ತಿಳಿದದ್ದು, ಅದು ಎಫ್‌ಒವಿ, ಅಂದರೆ ಸಾಗಣೆದಾರನೇ ತನ್ನ ಷರತ್ತುಗಳಿಗೆ ಒಳಪಟ್ಟು ಕೊಡುವ ಭರವಸೆ, ಯಾವ ವಿಮಾ ಕಂಪನಿಯೂ ಅದರ ಹಿಂದೆ ಇರಲಿಲ್ಲ. ನಿಜವಾದ ಸಾಗಣೆ ವಿಮೆಯಾದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಮತ್ತು ನಿಮ್ಮ ಹೆಸರಿನ ಪ್ರಮಾಣಪತ್ರ ಇರುತ್ತವೆ. ಲಾರಿ ಹೊರಡುವ ಮುನ್ನ ಆ ಕಾಗದ ಕೈಯಲ್ಲಿರಲಿ. ಬಂಗಾರ, ನಗದು, ಮನೆ-ಹೊಲದ ಕಾಗದಪತ್ರ, ಅಂಕಪಟ್ಟಿಗಳನ್ನು ಯಾವ ವಿಮೆಯನ್ನೂ ನಂಬಿ ಕಳಿಸಬೇಡಿ, ಅವು ನಿಮ್ಮ ಕೈಚೀಲದಲ್ಲಿಯೇ ಬರಬೇಕು.

ರೈಲನ್ನು ನಮ್ಮ ಜನ ಮರೆತಂತಿದೆ. ಪುಸ್ತಕ, ಪಾತ್ರೆ, ಬಟ್ಟೆಯ ಗಂಟುಗಳು, ಹೊಲಿಗೆ ಯಂತ್ರ, ಬೈಕ್ ಇವುಗಳಿಗೆ ಪಾರ್ಸಲ್ ಕಚೇರಿಯ ದಾರಿ ಒಳ್ಳೆಯದು, ಆದರೆ ನಡುವೆ ಗಾಡಿ ಬದಲಿಸದೆ ತಲುಪುವ ಊರಾಗಿರಬೇಕು. ಬೆಳಗಾವಿಯಿಂದ ಪುಣೆ, ದೆಹಲಿಗಳಿಗೆ ಗೋವಾ ಎಕ್ಸ್‌ಪ್ರೆಸ್ ನೇರವಾಗಿ ಹೋಗುತ್ತದೆ. ಪ್ರತಿ ಗಂಟಿನ ಮೇಲೆ ಕಳಿಸುವ ಮತ್ತು ತಲುಪುವ ನಿಲ್ದಾಣ, ನಿಮ್ಮ ಹೆಸರು, ಫೋನ್ ಸಂಖ್ಯೆಯನ್ನು ಅಳಿಸದ ಬಣ್ಣದಲ್ಲಿ ಬರೆಯಿರಿ, ಒಳಗೂ ಒಂದು ಚೀಟಿ ಇಡಿ. ಬೆಲೆ ಘೋಷಿಸಿ ಶುಲ್ಕ ಕಟ್ಟದಿದ್ದರೆ ಪಾರ್ಸಲ್ ಕಳೆದಾಗ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿ ಮಾತ್ರ, ಆದ್ದರಿಂದ ಟಿವಿ, ಕಂಪ್ಯೂಟರುಗಳನ್ನು ಈ ದಾರಿಯಲ್ಲಿ ಕಳಿಸಬೇಡಿ. ತಲುಪಿದ ಪಾರ್ಸಲನ್ನು ಬೇಗ ಬಿಡಿಸಿಕೊಳ್ಳದಿದ್ದರೆ ಗಂಟೆಗಳ ಲೆಕ್ಕದಲ್ಲಿ ದಂಡ ಏರುತ್ತದೆ. ನೀವು ಅದೇ ರೈಲಿನಲ್ಲಿ ಹೋಗುವುದಾದರೆ ಸ್ಲೀಪರ್ ಟಿಕೆಟಿಗೆ ತಲಾ 40 ಕಿಲೋ ಸಾಮಾನು ಉಚಿತ ಎಂಬುದನ್ನೂ ನೆನಪಿಡಿ. ನಾಲ್ಕು ಜನರ ಕುಟುಂಬಕ್ಕೆ ಹಾಸಿಗೆ, ಅಡುಗೆಯ ನಾಲ್ಕು ಪಾತ್ರೆ, ಎರಡು ದಿನದ ಬಟ್ಟೆ ಒಯ್ಯಲು ಅದು ಸಾಕು. ಕೆಲವೇ ಪೆಟ್ಟಿಗೆಗಳಿದ್ದು ನೆರೆರಾಜ್ಯದ ಬಸ್ ಹೋಗುವ ಊರಾದರೆ ಸಾರಿಗೆ ಸಂಸ್ಥೆಯ ನಮ್ಮ ಕಾರ್ಗೋ ಸೇವೆಯನ್ನು ವಿಚಾರಿಸಬಹುದು.

ಬೈಕ್ ಯಾವ ದಾರಿಯಲ್ಲಿ ಹೋದರೂ ಪೆಟ್ರೋಲ್ ಪೂರ್ತಿ ತೆಗೆಯಿರಿ, ಆರ್‌ಸಿ ಪ್ರತಿ ಇರಲಿ, ಗೋಣಿ ಸುತ್ತಿ ಕಟ್ಟಿಸಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟುಕೊಳ್ಳುವ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಬೇಕಾಗುವ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28ರಲ್ಲಿ ಇಲ್ಲಿನ ಆರ್‌ಟಿಒ ಕಚೇರಿಗೆ ಹೊರಡುವ ಮುನ್ನವೇ ಅರ್ಜಿ ಹಾಕಿದರೆ ಮತ್ತೆ ಬರುವ ಕಷ್ಟ ತಪ್ಪುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾಕ್ಕೆ ಹೋಗುವವರು ಚೋರ್ಲಾ ಮತ್ತು ಅನಮೋಡ ಘಾಟಿಗಳ ಆ ದಿನದ ಸ್ಥಿತಿಯನ್ನು ಕೇಳಿಯೇ ಲೋಡ್ ಮಾಡಿಸಬೇಕು, ಆ ದಾರಿಗಳಲ್ಲಿ ಗುಡ್ಡ ಕುಸಿಯುವುದೂ ಭಾರೀ ವಾಹನಗಳಿಗೆ ನಿರ್ಬಂಧ ಬೀಳುವುದೂ ಉಂಟು. ಮಳೆಗಾಲದಲ್ಲಿ ಮುಚ್ಚಿದ ಕಂಟೇನರ್ ವಾಹನವನ್ನೇ ಆರಿಸಿ. ತೆರೆದ ಲಾರಿಯೇ ಸಿಕ್ಕಿದ್ದರೆ ತಾಡಪತ್ರಿ ಎರಡು ಪದರವಿರಲಿ, ಹಾಸಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರ್ ಸಮತಟ್ಟಾದ ಹೆದ್ದಾರಿ, ಅಲ್ಲಿನವರಿಗೆ ಈ ಚಿಂತೆಯಿಲ್ಲ.

ಸಾಮಾನು ತಲುಪಿದಾಗ ಸುಸ್ತಾಗಿರುತ್ತೀರಿ, ಆದರೆ ಪೆಟ್ಟಿಗೆಗಳನ್ನು ಎಣಿಸದೆ ಸಹಿ ಮಾಡಬೇಡಿ. ಒಡೆದದ್ದು, ಕಾಣೆಯಾದದ್ದು ಏನಿದ್ದರೂ ಅವರ ಪ್ರತಿಯ ಮೇಲೆಯೇ ಬರೆದು ಸಹಿ ಹಾಕಿ, ಲಾರಿ ನಿಂತಿರುವಾಗಲೇ ಫೋಟೋ ತೆಗೆದುಕೊಳ್ಳಿ. ನಷ್ಟದ ಬಗ್ಗೆ ಸಾಗಣೆದಾರನಿಗೆ ಲಿಖಿತ ನೋಟಿಸನ್ನು ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಕೊಡದಿದ್ದರೆ ದಾವೆ ಹೂಡುವ ಹಕ್ಕು ಹೋಗುತ್ತದೆ, ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ಮೊದಲ ವಾರವೇ ಕಳಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ಈಗ ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಅದಕ್ಕಾಗಿ ಬೆಳಗಾವಿಗೆ ಮರಳಬೇಕಾಗಿಲ್ಲ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ನಿಗೆ ಹೊರಡುವಾಗ ಹಾಕಿಸಿದ ಸಾಗಣೆಯ ಬೋಲ್ಟುಗಳನ್ನು ತೆಗೆಯದೆ ಅದನ್ನು ಚಾಲೂ ಮಾಡಬೇಡಿ, ಮತ್ತು ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ ಕನಿಷ್ಠ ನಾಲ್ಕು ಗಂಟೆ ಕಳೆದ ಮೇಲೆಯೇ ಕರೆಂಟಿಗೆ ಜೋಡಿಸಿ.