80 ಎಂಎಲ್‌ನಿಂದ 50ಕ್ಕೆ: ಕತ್ತಿನ ಆಂಜಿಯೋದಲ್ಲಿ ನನ್ನ ಅನುಭವ

ನಾನು ಹಾಸನದಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಮೊದಲು ತಲೆ-ಕತ್ತಿನ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಅಂದರೆ ಎಲ್ಲರಿಗೂ ಒಂದೇ ಲೆಕ್ಕ: 120 ಕೆವಿ (ಎಕ್ಸ್-ರೇ ಟ್ಯೂಬಿನ ವೋಲ್ಟೇಜ್), 80 ಎಂಎಲ್ ಕಾಂಟ್ರಾಸ್ಟ್, ಅಂದರೆ ರಕ್ತನಾಳ ಕಾಣಲೆಂದು ಸಿರೆಗೆ ಕೊಡುವ ಅಯೋಡಿನ್ ಇರುವ ಔಷಧಿ. ಒಂದು ದಿನ ಸಕಲೇಶಪುರದ ಕಡೆಯಿಂದ ತೆಳ್ಳಗಿನ ಅಜ್ಜಿಯೊಬ್ಬರು ಬಂದರು. ಸಕ್ಕರೆ ಕಾಯಿಲೆ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನೈನ್ ಬೇರೆ ಜಾಸ್ತಿ. "ಇದು ಕಿಡ್ನಿಗೆ ಏನೂ ಮಾಡಲ್ಲ ಅಲ್ವಾ ಮಗಾ?" ಅಂದರು. ಆ ಮಾತು ಮನಸ್ಸಲ್ಲೇ ಉಳಿಯಿತು.

ನಮ್ಮ ರೇಡಿಯಾಲಜಿಸ್ಟ್ ಮೇಡಂ ಹತ್ತಿರ ಮಾತಾಡಿ, ತೆಳ್ಳಗಿನವರಿಗೆ 100 ಕೆವಿ, 50 ಎಂಎಲ್ ಶುರು ಮಾಡಿದೆವು. ಕೆವಿ ಇಳಿಸಿದರೆ ಎಕ್ಸ್-ರೇ ಶಕ್ತಿ ಅಯೋಡಿನ್ ಚೆನ್ನಾಗಿ ಹೀರಿಕೊಳ್ಳುವ 33 ಕೆಇವಿ (ಎಕ್ಸ್-ರೇ ಶಕ್ತಿಯ ಅಳತೆ) ಹತ್ತಿರಕ್ಕೆ ಬರುತ್ತದೆ, ಅದಕ್ಕೇ ಕಡಿಮೆ ಔಷಧಿಯಲ್ಲೂ ರಕ್ತನಾಳ ಬೆಳ್ಳಗೆ ಕಾಣುತ್ತದೆ. ಎಂಎ (ಟ್ಯೂಬಿನ ಕರೆಂಟ್) ಹಾಗೇ ಇಟ್ಟರೆ ರೇಡಿಯೇಷನ್ನೂ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಅದನ್ನು ಇಟರೇಟಿವ್ ರೀಕನ್‌ಸ್ಟ್ರಕ್ಷನ್ ಅನ್ನುವ, ಚಿತ್ರ ನಯಗೊಳಿಸುವ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತದೆ.

ಮೊದಲೆರಡು ಕೇಸ್ ಸರಿ ಬರಲಿಲ್ಲ. ಕತ್ತು ಚೆನ್ನಾಗಿತ್ತು, ತಲೆಯೊಳಗಿನ ನಾಳ ಮಸುಕು. ಯೋಚನೆ ಮಾಡಿದಾಗ ಗೊತ್ತಾಯಿತು, ಕಡಿಮೆ ಕೆವಿಯಲ್ಲಿ ಅದೇ ಅಯೋಡಿನ್‌ಗೆ ಎಚ್‌ಯು (ಚಿತ್ರದ ಬಿಳುಪಿನ ಅಳತೆ) ಜಾಸ್ತಿ ತೋರಿಸುತ್ತದೆ. ಮಹಾಪಧಮನಿಯಲ್ಲಿ ಎಚ್‌ಯು ಇಟ್ಟ ಮಿತಿ ಮುಟ್ಟಿದಾಗ ಸ್ಕ್ಯಾನ್ ತಾನಾಗೇ ಶುರುವಾಗುತ್ತದೆ. ನಾನು ಮಾತ್ರ ಹಳೆಯ 100 ಎಚ್‌ಯು ಮಿತಿಯನ್ನೇ ಇಟ್ಟಿದ್ದೆ, ಔಷಧಿ ಮೇಲೆ ತಲುಪುವ ಮೊದಲೇ ಸ್ಕ್ಯಾನ್ ಓಡಿಬಿಡುತ್ತಿತ್ತು. ಮಿತಿಯನ್ನು 150ಕ್ಕೆ ಏರಿಸಿದೆ. ಸರಿಹೋಯಿತು.

ಔಷಧಿ ಬಿಡುವ ಕ್ಯಾನುಲಾ (ಸಿರೆಗೆ ಹಾಕುವ ಸಣ್ಣ ಕೊಳವೆ) ಯಾವಾಗಲೂ ಬಲಗೈಗೇ ಹಾಕಿ. ಎಡಗೈಯಿಂದ ಬಿಟ್ಟರೆ ಗಟ್ಟಿ ಔಷಧಿ ತುಂಬಿದ ಸಿರೆ ಕತ್ತಿನ ನಾಳಗಳ ಬುಡದ ಮುಂದೆಯೇ ಹಾದುಹೋಗುತ್ತದೆ, ಅಲ್ಲೆಲ್ಲ ಗೆರೆಗೆರೆ ಬೀಳುತ್ತದೆ. ಔಷಧಿಯ ಹಿಂದೆಯೇ ಅದೇ ವೇಗದಲ್ಲಿ 40 ಎಂಎಲ್ ಸಲೈನ್ ತಳ್ಳಲೇಬೇಕು, ಇಲ್ಲದಿದ್ದರೆ ಕೊನೆಯ ಔಷಧಿ ಕೈಯಲ್ಲೇ ಉಳಿದು ಸುಮ್ನೆ ದಂಡ.

ನಿಜವಾದ ಕಷ್ಟ ಭುಜದ್ದು. ಕಡಿಮೆ ಕೆವಿಯ ಎಕ್ಸ್-ರೇ ಭುಜದ ದಪ್ಪ ದಾಟಲು ಒದ್ದಾಡುತ್ತದೆ. ನಾನು ಬೆಡ್‌ಶೀಟನ್ನು ಉದ್ದಕ್ಕೆ ಮಡಚಿ, ಮೊಣಕಾಲು ಮಡಿಸಿದವರ ಪಾದದಡಿ ಹಾಕಿ, ಎರಡು ತುದಿಯನ್ನೂ ಅವರ ಕೈಗೆ ಕೊಡುತ್ತೇನೆ. "ಈಗ ನಿಧಾನಕ್ಕೆ ಕಾಲು ಚಾಚಿ" ಅಂದರೆ ಭುಜ ತಾನಾಗೇ ಕೆಳಗಿಳಿಯುತ್ತದೆ. ಸ್ಟ್ರೋಕ್‌ನಿಂದ ಕೈ ಬಿದ್ದವರಿಗೆ ಇದು ಆಗಲ್ಲ, ಅವರ ಕೈಯನ್ನು ನಾನೇ ಮೆಲ್ಲಗೆ ಕೆಳಗೆಳೆದು ಪಟ್ಟಿ ಕಟ್ಟುತ್ತೇನೆ.

ತುಂಬಾ ದಪ್ಪ ಭುಜದವರಿಗೆ ಈಗಲೂ 120 ಕೆವಿಯೇ. ಚಿತ್ರ ಕೆಟ್ಟು ಮತ್ತೆ ಮಾಡಬೇಕಾದರೆ ಅವರಿಗೆ ಎರಡು ಸಲ ರೇಡಿಯೇಷನ್, ಎರಡು ಸಲ ಔಷಧಿ.