ಬೀಮಿನ ಹಗ್ಗ ಬಿಚ್ಚಿ ಎಂಆರ್ ದ್ರವದ ಬ್ರೇಕ್ ಹಾಕಿದೆ: ನನ್ನ ಅನುಭವ

ಬೆಳಗಾವಿಯ ವಡಗಾವಿಯಲ್ಲಿರುವ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಈಗ ಎರಡು ಮಗ್ಗಗಳ ಬೀಮಿಗೆ (ಹಾಸು, ಅಂದರೆ ಬಟ್ಟೆಯ ಉದ್ದನೆಯ ಎಳೆಗಳನ್ನು ಸುತ್ತಿದ ಉರುಳೆಗೆ) ಹಗ್ಗವೂ ಇಲ್ಲ, ತೂಕದ ಕಲ್ಲೂ ಇಲ್ಲ. ಉದ್ಯಮಬಾಗದ ನನ್ನ ಶಾಪಿನಲ್ಲಿ ಮಾಡಿದ ಎಂಆರ್ (ಮ್ಯಾಗ್ನೆಟೊರಿಯಾಲಜಿಕಲ್) ದ್ರವದ ಬ್ರೇಕ್ ಹಾಸು ಸಡಿಲವಾಗದಂತೆ ಹಿಡಿದಿದೆ. ಎಂಆರ್ ದ್ರವ ಅಂದರೆ ಕಬ್ಬಿಣದ ಪುಡಿ ಕಲಸಿದ ಎಣ್ಣೆ, ಕಾಂತ ತಾಗಿದರೆ ಗಟ್ಟಿಯಾಗುತ್ತದೆ. ಒಂದು ದೀಪಾವಳಿಗೆ ಹಾಕಿದ್ದು, ಇನ್ನೊಂದು ದೀಪಾವಳಿ ದಾಟಿತು. ಆಗದು ಎಂದವರೇ ಬಹಳ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮಗ್ಗದ ಕಾಕಾ ಮೊದಲೇ ಕೇಳಿದ್ದರು, "ಎಣ್ಣೀಗೆ ಬೀಮ್ ನಿಂದರತೈತೇನೋ ತಮ್ಮಾ?" ಹೈಡ್ರಾಲಿಕ್ಸ್ ಗೆಳೆಯರದ್ದೂ ಅದೇ ಮಾತು. ಬೀಮು ಒಂದು ಸುತ್ತು ತಿರುಗಲು ಹದಿನೈದು-ಇಪ್ಪತ್ತು ನಿಮಿಷ. ಅಷ್ಟು ನಿಧಾನಕ್ಕೆ ಸಾದಾ ಎಣ್ಣೆ ಏನೂ ತಡೆಯುವುದಿಲ್ಲ, ನಿಜ. ಆದರೆ ಇಲ್ಲಿ ಹಿಡಿಯುವುದು ಎಣ್ಣೆಯಲ್ಲ, ಅದರೊಳಗಿನ ಕಬ್ಬಿಣ. ಕಾಯಿಲ್‌ಗೆ ಕರೆಂಟು ಕೊಟ್ಟರೆ ಕಣಗಳು ಸರಪಳಿ ಕಟ್ಟುತ್ತವೆ. ದ್ರವದೊಳಗೆ ತಿರುಗುವ ಡಿಸ್ಕ್ ಸರಿಯಬೇಕಾದರೆ ಸರಪಳಿ ಹರಿಯಬೇಕು. ಹರಿದದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಮತ್ತೆ ಕೂಡುತ್ತದೆ. ವೇಗ ಕಡಿಮೆಯಾದರೂ ಹಿಡಿತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜೇಕಬ್ ರಾಬಿನೋ 1948ರ ಹೊತ್ತಿಗೇ ಅಮೆರಿಕದಲ್ಲಿ ಇಂಥ ದ್ರವದ ಕ್ಲಚ್ ಮಾಡಿ ತೋರಿಸಿದ್ದರು. ಎಣ್ಣೆಯಿಲ್ಲದ, ಒಣ ಕಬ್ಬಿಣದ ಪುಡಿಯ ಬ್ರೇಕ್ ತರಬಹುದಿತ್ತಲ್ವಾ ಎನ್ನುತ್ತಾರೆ. ಪುಡಿ ಸಮನಾಗಿ ಹರಡಲು ಅದಕ್ಕೆ ಒಂದಿಷ್ಟು ವೇಗ ಬೇಕು. ಬೀಮಿನಲ್ಲಿ ಅದು ಸಿಗುವುದಿಲ್ಲ.

ದುಡ್ಡು ಹೋಗಿದ್ದು ದ್ರವಕ್ಕೆ ಹಾಕುವ ಕಬ್ಬಿಣದ ಪುಡಿಯಲ್ಲಿ. ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಬರವಿಲ್ಲ, ಕಬ್ಬಿಣದ ಧೂಳು ಸುಮ್ನೆ ಸಿಗುತ್ತದೆ. ಶಾಟ್ ಬ್ಲಾಸ್ಟ್ (ಉಕ್ಕಿನ ಗುಂಡು ಹೊಡೆದು ಎರಕ ಶುಚಿ ಮಾಡುವ) ಧೂಳನ್ನು ಜರಡಿ ಹಿಡಿದು ಹಾಕಿದೆ. ಒಂದು ತಾಸಿನಲ್ಲಿ ತಳ ಸೇರಿತು, ಆಯಿಲ್ ಸೀಲಿನ ತುಟಿಯನ್ನೂ ತಿಂದಿತು. ಕೊನೆಗೆ ಕಾರ್ಬೊನಿಲ್ ಐರನ್ನೇ (ಅತಿ ನುಣ್ಣನೆಯ ಶುದ್ಧ ಕಬ್ಬಿಣದ ಪುಡಿ) ತರಿಸಿದೆ. 3ರಿಂದ 5 ಮೈಕ್ರಾನ್, ದುಂಡು ಕಣ. ಕೆಜಿಗೆ ಎರಡು ಸಾವಿರ ಚಿಲ್ಲರೆ ಬಿತ್ತು. ಗಾತ್ರದ ಅಳತೆಯಲ್ಲಿ ಶೇ. 30 ಕಬ್ಬಿಣ, ಉಳಿದದ್ದು ಸಿಲಿಕೋನ್ ಎಣ್ಣೆ. ತೂಕದಲ್ಲಿ ನೋಡಿದರೆ ಒಂದು ಕೆಜಿ ದ್ರವದಲ್ಲಿ 780 ಗ್ರಾಂ ಹತ್ತಿರ ಕಬ್ಬಿಣವೇ.

ಬರೀ ಇವೆರಡನ್ನು ಕಲಸಿಟ್ಟರೆ ಕೆಲವೇ ದಿನದಲ್ಲಿ ತಳದಲ್ಲಿ ಇಟ್ಟಿಗೆಯಂತೆ ಗಟ್ಟಿ, ಸ್ಕ್ರೂಡ್ರೈವರ್ ಕೂಡ ಇಳಿಯುವುದಿಲ್ಲ. ಹಾಗೆ ಚೆಲ್ಲಿದ ಡಬ್ಬಿಗಳ ಲೆಕ್ಕ ಹಿಡಿದರೆ ಹತ್ತು ಸಾವಿರದ ಮೇಲಾಗುತ್ತದೆ. ಸ್ಟಿಯರಿಕ್ ಆಸಿಡ್ ಮತ್ತು ಶೇ. 2ರ ಆಸುಪಾಸು ಫ್ಯೂಮ್ಡ್ ಸಿಲಿಕಾ (ಎಣ್ಣೆಯನ್ನು ಮಂದ ಮಾಡುವ ಹಗುರ ಪುಡಿ) ಹಾಕಿದ ಮೇಲೆ ದಾರಿಗೆ ಬಂತು. ಇನ್ನೊಂದು ವಸ್ತು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ತಿಂಗಳು ಬಿಟ್ಟರೆ ಮೇಲೆ ಬೆರಳಗಲ ತಿಳಿ ಎಣ್ಣೆ ನಿಲ್ಲುತ್ತದೆ. ಪರವಾಗಿಲ್ಲ. ಚಮಚ ಆಡಿಸಿದರೆ ಮತ್ತೆ ಕಲೆಯುತ್ತದಾ, ಅದನ್ನಷ್ಟೇ ನೋಡಿ.

ಡಿಸ್ಕ್ 120 ಮಿಮೀ, ಎರಡೂ ಕಡೆ 1 ಮಿಮೀ ಸಂದು, 400 ಸುತ್ತಿನ ಕಾಯಿಲ್, ಒಂದು ಆಂಪಿಯರ್. 15 ನ್ಯೂಟನ್ ಮೀಟರ್ ಟಾರ್ಕ್ (ತಿರುಗುವುದನ್ನು ತಡೆಯುವ ಬಲ) ಬಂತು. ಬೀಮಿಗೆ ಸಾಲದು, ಚೈನಿನಲ್ಲಿ 1ಕ್ಕೆ 6 ಮಾಡಿಕೊಂಡೆ. ಶಾಫ್ಟ್ ಎಸ್‌ಎಸ್ 304, ಕಾಂತ ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಸಾದಾ ಉಕ್ಕಿನದಾದರೆ ಕಾಂತಕ್ಷೇತ್ರ ಶಾಫ್ಟಿನುದ್ದಕ್ಕೂ ಹರಿದು ಕಬ್ಬಿಣವನ್ನು ಸೀಲಿಗೇ ಎಳೆದು ತರುತ್ತದೆ.

ನಡುವೆ ಫೆರೋಫ್ಲೂಯಿಡ್ (ಇನ್ನೂ ಬಹಳ ಸಣ್ಣ ಕಣಗಳ ಕಾಂತ ದ್ರವ) ಕೂಡ ಮಾಡಿ ನೋಡಿದೆ. ಕಬ್ಬಿಣದ ಎರಡು ಬಗೆಯ ಕ್ಲೋರೈಡು, ಅಮೋನಿಯಾ, ಒಲಿಯಿಕ್ ಆಸಿಡ್. ಮ್ಯಾಗ್ನೆಟ್ ಹಿಡಿದರೆ ಕಪ್ಪು ಮುಳ್ಳುಗಳು ಚೆಂದವಾಗಿ ಎದ್ದವು. ಬ್ರೇಕಿಗೆ ಹಾಕಿದರೆ ಹಿಡಿತವೇ ಇಲ್ಲ. 10 ನ್ಯಾನೋಮೀಟರಿನ ಕಣ ತನ್ನ ಶಾಖಕ್ಕೇ ಓಡಾಡುತ್ತಿರುತ್ತದೆ, ಗಟ್ಟಿ ಸರಪಳಿ ಕಟ್ಟುವುದಿಲ್ಲ.

ಜಾಸ್ತಿ ಕಾಡಿದ್ದು ಬ್ರೇಕ್ ಬಿಡದೇ ಇರುವುದು. ಎಳೆ ಹರಿದಾಗ ಕಾಕಾ ಬೀಮನ್ನು ಕೈಯಲ್ಲಿ ತಿರುಗಿಸಬೇಕು. ಇಎನ್8 (ಮಧ್ಯಮ ಕಾರ್ಬನ್ ಉಕ್ಕಿನ) ಹೌಸಿಂಗ್ ಕರೆಂಟು ತೆಗೆದರೂ ಕಾಂತ ಉಳಿಸಿಕೊಳ್ಳುತ್ತಿತ್ತು. ಎಂಎಸ್ (ಮೆದು ಉಕ್ಕು) ತಂದು ಅನೀಲ್ ಮಾಡಿಸಿದೆ, ಅಂದರೆ ಕಾಯಿಸಿ ನಿಧಾನ ಆರಿಸಿದೆ. ಆಮೇಲೆ ಆಫ್ ಮಾಡುವಾಗ ಕರೆಂಟನ್ನು ಹಿಂದುಮುಂದು ಮಾಡುತ್ತಾ ಸೊನ್ನೆಗೆ ಇಳಿಸುವ ಸರ್ಕ್ಯೂಟ್ ಹಾಕಿದೆ. ಈಗ ಒಂದೇ ಕೈಗೆ ತಿರುಗುತ್ತದೆ.

ಬೀಮು ಖಾಲಿಯಾದಂತೆ ವ್ಯಾಸ ಇಳಿಯುತ್ತದೆ, ಟಾರ್ಕೂ ಇಳಿಯಬೇಕು. ಮೊದಲು ಕಾಕಾ ಕಲ್ಲು ತೆಗೆಯುತ್ತಿದ್ದರು. ಈಗ ಬೀಮಿನ ಮೇಲೆ ಕೂತ ಒಂದು ಲಿವರ್, ಅದಕ್ಕೊಂದು ಪಾಟ್ (ಕರೆಂಟು ಹೆಚ್ಚುಕಡಿಮೆ ಮಾಡುವ ಪೊಟೆನ್ಶಿಯೋಮೀಟರ್). ನೆನಪಿಡಿ, ಕರೆಂಟು ಅರ್ಧ ಮಾಡಿದರೆ ಹಿಡಿತವೂ ಸರಿಯಾಗಿ ಅರ್ಧವೇ ಆಗುತ್ತದೆ ಎಂದೇನಿಲ್ಲ. ಅದೇ ಕರೆಂಟಿಗೂ ಏರಿಸುವಾಗ ಒಂದು ಹಿಡಿತ, ಇಳಿಸುವಾಗ ಇನ್ನೊಂದು. ಅದಕ್ಕೇ ನಾನು ಯಾವಾಗಲೂ ಮೇಲಿಂದ ಇಳಿಸುತ್ತಾ ಸೆಟ್ ಮಾಡುತ್ತೇನೆ.

ಇನ್ನೊಂದು ತೊಂದರೆ ಸೀರೆಯ ಮೇಲೇ ಕಾಣಿಸಿತು. ಮಗ್ಗ ನಿಂತಿದ್ದಾಗ ಸರಪಳಿಗಳು ಬಿಗಿಯಾಗಿ ಕೂತುಬಿಡುತ್ತವೆ. ಶುರುವಿನ ಮೊದಲ ಪೆಟ್ಟಿಗೆ ಹಾಸು ತಡವಾಗಿ ಬಿಡುತ್ತದೆ, ಅಲ್ಲಿ ಹೊಕ್ಕು (ಅಡ್ಡ ಎಳೆ) ಒತ್ತಾಗಿ ಬಿದ್ದು ಅಡ್ಡ ಗೆರೆ ಮೂಡುತ್ತದೆ. ಶುರು ಮಾಡುವ ಮುಂಚೆ ಕರೆಂಟನ್ನು ಚೂರು ಇಳಿಸಿ ಏರಿಸಿದರೆ ಗೆರೆ ಹೋಗುತ್ತದೆ. ಎಷ್ಟು ಇಳಿಸಬೇಕು, ಎಷ್ಟು ಹೊತ್ತು ಎನ್ನುವುದನ್ನು ಮಗ್ಗದ ಎದುರು ನಿಂತೇ ಹುಡುಕಿಕೊಳ್ಳಬೇಕು.

ಮೊದಲ ಬ್ರೇಕಿಗೆ ಹತ್ತು ಸಾವಿರ ದಾಟಿತ್ತು. ಈಗಿನದು ಚೈನು, ಸರ್ಕ್ಯೂಟ್ ಸೇರಿ ಆರೂವರೆ ಸಾವಿರಕ್ಕೆ ಕೂಡುತ್ತದೆ. ಕಾಕಾ ಮೂರನೇ ಮಗ್ಗಕ್ಕೂ ಹೇಳಿದ್ದಾರೆ, ಮುಂಗಡ ಕೊಟ್ಟಿದ್ದಾರೆ.